ಗಾಡಿ ಮಾರಿಗೆ ಬಣ್ಣ ಆಮ್ಯಾಲ, ಮೊದಲ ಅದರ ಮಣಕಾಲು ನೋಡ್ರಿ

ವೈನಿ, ಮೌಶಿ, ಕಾಕು, ನಮ್ಮ ಓಣಿ ಅಕ್ಕಂದಿರು, ಎಲ್ಲಾರೂ ಕೈಯಾಗಿನ ಕೆಲಸ ಸ್ವಲ್ಪ ಬದಿಗಿಟ್ಟು ಓದ್ರಿ. ಹೋದ ಸಲ ಮೆಂತ್ಯಹಿಟ್ಟಿನ ಬಗ್ಗೆ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಅಂಗಳಕ್ಕ ಬಂದೀನಿ, ಯಾಕಂದ್ರ ಅಂಗಳದಾಗ ನಿಂತಿರೋ ಫಿಯಾಟ್ ಗಾಡಿ ಸಲುವಾಗಿ ನನಗ ಜಗಳಾ ತಗೀಬೇಕಾಗೇದ.

ಮಾರ್ಗಶಿರದಾಗ ನಮ್ಮ ಅಣ್ಣನ ಮಗಳ ಮದುವಿ ಅಂತ ನಿಮಗೆಲ್ಲಾ ಗೊತ್ತದ. ಹುಡುಗಿ ಅಜ್ಜನ ಗಾಡ್ಯಾಗನ ಮಂಟಪಕ್ಕ ಬರಬೇಕು ಅಂತ ಎಲ್ಲಾರ ಆಸೆ. ನನಗೂ ಅದ ಆಸೆ, ಆಕಿಗೆ ನಾ ಸ್ವಂತ ಅತ್ಯಾ. ಮದುವಿ ಮರುದಿನ ಮದುಮಕ್ಕಳು ಅದ ಗಾಡ್ಯಾಗ ಬೀಗರ ಊರು ಅಂಕೋಲಾಕ್ಕ ಹೋಗೂದು ಅಂತನೂ ಠರಾಯಿಸ್ಯಾರ. ಅದಕ್ಕಂತ ಗಾಡಿಗೆ ಬಣ್ಣ ಹಚ್ಚಸೂದು, 70 ಸಾವಿರ ಆಗ್ತದಂತ, ಬಳಗದವರು ಕೂಡಿ ಹಾಕೂದು ಅಂತ ಮಾತಾಗೇದ. ಕೆನಿ ಬಣ್ಣನೋ, ಆಕಾಶ ಬಣ್ಣನೋ ಅಂತ ಹದಿನೈದ ದಿನದಿಂದ ಫೋನಿನ್ಯಾಗ ಚರ್ಚಾ ನಡದದ. ಮುಂದಿನ ಗಾಲಿ ಹಿಂದ ಏನೇನ ಸವದದ ಅಂತ ಒಬ್ಬರೂ ಕೇಳಿಲ್ಲ. ನಾ ಕೇಳಿದೆ. "ಅದೆಲ್ಲಾ ಮದುವಿ ಆದಮ್ಯಾಲ ನೋಡೋಣಂತ" ಅಂತ ಉತ್ತರ ಬಂತು.

ಆ ಉತ್ತರಕ್ಕ ನನ್ನ ಉತ್ತರ ಇದು. ಹಳೇ ಗಾಡಿ ಸಲುವಾಗಿ ಮನ್ಯಾಗ ರೊಕ್ಕ ತಗದ್ರ ಮೊದಲನೇ ರೂಪಾಯಿ ಮುಂದಿನ ಸಸ್ಪೆನ್ಶನ್ನಿಗೆ ಹೋಗಬೇಕು, ಕಡೀ ರೂಪಾಯಿ ಬಣ್ಣಕ್ಕ. ಇದನ್ನ ತಿರುಗಾಮುರುಗಾ ಮಾಡೋರು ಗಾಡಿ ಮ್ಯಾಲಿನ ಪ್ರೀತಿಗೆ ಮಾಡ್ತಾರ ಅಂತ ನಾ ಒಪ್ಪಂಗಿಲ್ಲ. ಫೋಟೋದ ಸಲುವಾಗಿ ಮಾಡ್ತಾರ. ಮತ್ತ ಈ ಮಾತು ಗಂಡಸರಿಗೆ ಬಿಟ್ಟು ನಾವು ಸೀರಿ ಅಂಗಡಿಗೆ ಹೋಗೂದು ಸರಿಯಲ್ಲ, ಯಾಕಂದ್ರ ಆ ಗಾಡ್ಯಾಗ ಕೂಡೋರು ನಾವು, ನಮ್ಮ ಮಕ್ಕಳು.

"ಸಸ್ಪೆನ್ಶನ್ ಅಂದ್ರ ಏನ ಅಂತನ ನಮಗ ತಿಳಿಯೂದಿಲ್ಲ, ನಾವೇನ ಮಾತಾಡೂದು" ಅಂತ ಅನ್ನಬ್ಯಾಡ್ರಿ. ನಿಮಗ ತಿಳಿದಿರೋದ ಅದ, ಹೆಸರು ಅಷ್ಟ ಬ್ಯಾರೆ.

ಬೀಸೋಕಲ್ಲು ನೋಡಿರಿಲ್ಲೋ? ಕೆಳಗಿನ ಕಲ್ಲಿನ ನಡುವ ಒಂದ ಗೂಟ ಇರ್ತದ, ಅದರ ಸುತ್ತ ಮ್ಯಾಲಿನ ಕಲ್ಲು ತಿರಗ್ತದ. ಗೂಟ ಸವದ್ರ ಮ್ಯಾಲಿನ ಕಲ್ಲು ಅಡ್ಡಾದಿಡ್ಡಿ ಅಲಗ್ಯಾಡ್ತದ, ಹಿಟ್ಟು ಒಂದ ಕಡೆ ನುಣ್ಣಗ, ಒಂದ ಕಡೆ ದರದರ. ಫಿಯಾಟಿನ ಮುಂದಿನ ಒಂದೊಂದ ಗಾಲಿಗೂ ಹಿಂಗ ಒಂದ ಗೂಟ ಅದ. ಅದಕ್ಕ ಕಿಂಗ್ ಪಿನ್ ಅಂತಾರ. ಸ್ಟೀರಿಂಗ್ ತಿರುವಿದಾಗ ಗಾಲಿ ಎಡಕ್ಕ ಬಲಕ್ಕ ಹೊರಳೂದು ಈ ಪಿನ್ನಿನ ಮ್ಯಾಲ. ಪಿನ್ನಿನ ಸುತ್ತ ಲೋಹದ ಬುಷ್ ಇರ್ತಾವ, ಅವುಗಳ ನಡುವ ಗ್ರೀಸ್ ಇರಬೇಕು. ಗ್ರೀಸ್ ಒಣಗಿದ್ರ, ಇಲ್ಲಾ ಮಳಿ ನೀರು, ಧೂಳು ಒಳಗ ಹೊಕ್ಕರ ಪಿನ್ನೂ ಬುಷ್ಷೂ ಒಂದನ್ನೊಂದು ತಿಂತಾವ. ಆಮ್ಯಾಲ ಗಾಲಿ ಎಲ್ಲಿ ನಿಲ್ಲಬೇಕೋ ಅಲ್ಲೆ ನಿಲ್ಲಂಗಿಲ್ಲ.

ಆ ಗಾಲಿನ ಗಾಡಿ ಮೈಗೆ ಕೂಡಸಲಿಕ್ಕೆ ಮ್ಯಾಲೊಂದು ಕೆಳಗೊಂದು ಕಬ್ಬಿಣದ ತೋಳು ಇರ್ತಾವ. ತೋಳು ಗಾಡಿಗೆ ಕೂಡೋ ಜಾಗಾದಾಗ ರಬ್ಬರ್ ಬುಷ್ ಹಾಕಿರ್ತಾರ. ಇದು ನಿಮ್ಮ ಕುಕ್ಕರಿನ ರಬ್ಬರ್ ಇದ್ದಂಗ. ಹೊಸದಿದ್ದಾಗ ಮೆತ್ತಗ, ವರ್ಷ ಹೋದಂಗ ಬಿರುಸಾಗಿ, ಸೀಳು ಬಿಟ್ಟು, ಕಡೀಕ ಪುಡಿ ಆಗ್ತದ. ಇದಲ್ಲದ ಗಾಡಿ ಭಾರ ಹೊರಲಿಕ್ಕೆ ಸುರುಳಿ ಸ್ಪ್ರಿಂಗು, ಸ್ಪ್ರಿಂಗು ಕುಣಿಯೂದನ್ನ ತಡೀಲಿಕ್ಕೆ ಶಾಕ್ ಅಬ್ಸಾರ್ಬರ್. ಇಷ್ಟ ಕೂಡಿದ್ರ ಮುಂದಿನ ಸಸ್ಪೆನ್ಶನ್ನು. ನಮ್ಮ ಅವ್ವಗ ಮಣಕಾಲಿನ ಗಾದಿ ಸವದದ ಅಂತ ಡಾಕ್ಟರು ಹೇಳಿದಾಗ ನಾವೇನ ಮಾಡಿದ್ವಿ? ಆಕಿ ಮಾರಿಗೆ ಪೌಡರ್ ಹಚ್ಚಿ ಕೂಡಿಸಿದ್ವೇನು?

ಈಗ ಅಣ್ಣನ ಗಾಡಿ ಬಗ್ಗೆ ನಿಮ್ಮ ಕಣ್ಣಿಗೆ ಬಿದ್ದದ್ದನ್ನ ನಿಮಗ ನೆನಪ ಮಾಡ್ತೀನಿ. ದೀಪಾವಳಿಗೆ ಧಾರವಾಡಕ್ಕ ಹೋದಾಗ ಉಣಕಲ್ ದಾಟೂತನಕ ಹಂಪಿಗೊಮ್ಮೆ ಕೆಳಗಿಂದ "ಕಟಕ್" ಅಂತ ಸಪ್ಪಳ ಬರ್ತಿತ್ತು, ಹಿಂದ ಕೂತ ಮೌಶಿನ ಮೊದಲ ಹೇಳಿದ್ರು. "ಡಿಕ್ಕ್ಯಾಗ ಡಬ್ಬಿ ಅಲಗ್ಯಾಡ್ಲಿಕತ್ತಾವ" ಅಂತ ಅಣ್ಣ ಮಾತು ಹಾರಿಸಿದ. ಡಬ್ಬಿ ಮನ್ಯಾಗ ಇಳಿಸಿ ಬಂದಮ್ಯಾಲೂ ಸಪ್ಪಳ ಹಂಗ ಇತ್ತು. ಎಡಗಡೆ ಮುಂದಿನ ಟೈರ್ ನೋಡ್ರಿ, ಒಳಗಿನ ಅಂಚು ಬೋಳಾಗೇದ, ಹೊರಗಿನ ಅಂಚಿನ್ಯಾಗ ಇನ್ನೂ ಗೆರಿ ಅವ. 50-60 ವೇಗಕ್ಕ ಬಂದ್ರ ಸ್ಟೀರಿಂಗ್ ಅಣ್ಣನ ಕೈಯಾಗ ನಡಗ್ತದ, ಸ್ವಲ್ಪ ಹೆಚ್ಚ ಮಾಡಿದ್ರ ನಿಂತು ಬಿಡ್ತದ, ಅದಕ್ಕ ಅವ ಬೇಕಂತ ಹೆಚ್ಚ ಮಾಡ್ತಾನ. ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕ ಎಳೀತದ. ಬ್ರೇಕಿನ್ಯಾಗೂ ದೋಷ ಇರಬಹುದು, ಆದ್ರ ಇಷ್ಟೆಲ್ಲಾ ಗುರ್ತು ಒಂದ ಗಾಲಿ ಹತ್ರ ಕೂಡಿದ್ರ ಮೊದಲ ಆ ಗಾಲಿ ಬಿಚ್ಚಿ ನೋಡಬೇಕು. ನಾವು ಸಂತ್ಯಾಗ ಬದನಿಕಾಯಿ ಸೈತ ತಿರುವಿ ತಿರುವಿ, ತೂತು ನೋಡಿ ತಗೊಳ್ಳೋರು. ಮಕ್ಕಳನ್ನ ಕೂಡಸೋ ಗಾಡೀನ ಬಗ್ಗಿ ನೋಡಲಿಕ್ಕೆ ನಮಗ ಯಾಕ ಸಂಕೋಚ?

ನಾ ಗಾಲಿ ಕಳಚಿ ಬೀಳ್ತದ ಅಂತ ಹೆದರಸ್ಲಿಕತ್ತಿಲ್ಲ. ಇದು ನಿಧಾನಕ್ಕ ಸವಿಯೋ ಸಾಮಾನು, ವರ್ಷಗಟ್ಟಲೆ ಮುನ್ಸೂಚನೆ ಕೊಡ್ತದ. ಅದ ಇದರ ಕಷ್ಟ, ಸಪ್ಪಳಕ್ಕ ಕಿವಿ ರೂಢಿ ಆಗಿಬಿಡ್ತದ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೂದು ಅಂದ್ರ ತಿರುವು ಮ್ಯಾಲ ತಿರುವು, ಎದುರಿಗೆ ಲಾರಿ. ಅಲ್ಲೆ ಒಮ್ಮೆಲೆ ಬ್ರೇಕ್ ಹಾಕೋ ಪ್ರಸಂಗ ಬಂದ್ರ ಸಡಿಲಾದ ಗಾಲಿ ತನಗ ಬೇಕಾದ ಕಡೆ ಮಾರಿ ಮಾಡ್ತದ. ಶಾಕ್ ಅಬ್ಸಾರ್ಬರ್ ಹೋಗಿದ್ರ ಗಾಲಿ ತಗ್ಗಿನ್ಯಾಗ ಪುಟದು ನೆಲ ಬಿಡ್ತದ, ನೆಲ ಬಿಟ್ಟ ಗಾಲಿಗೆ ಬ್ರೇಕ್ ಏನ ಮಾಡೀತು? ಈ ಗಾಡ್ಯಾಗ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಇರೋದು ನಾಕು ಗಾಲಿ, ಅವು ನೆಟ್ಟಗ ನಿಂತಿರಬೇಕು, ಅಷ್ಟ.

ಇನ್ನ ನಮ್ಮ ಮನಿ ಗಂಡಸರು ಹೇಳೋ ಮಾತುಗಳನ್ನ ಒಂದೊಂದ ತಗೋತೀನಿ.

ಮೊದಲನೇದು, "ಹಳೇ ಗಾಡಿ ಅಂದಮ್ಯಾಲ ಸಪ್ಪಳ ಬರೂದ." ಯಾರ ಹೇಳಿದ್ರು? ಕುರ್ಲಾ ಫ್ಯಾಕ್ಟರಿಯಿಂದ ಹೊರಗ ಬಂದಾಗ ಈ ಗಾಡಿ ಸಪ್ಪಳ ಮಾಡ್ತಿದ್ದಿಲ್ಲ. 1964ರಾಗ ಫಿಯಾಟ್ 1100 ಡಿಲೈಟ್ ಅಂತ ಬಂದದ್ದ ಮುಂದ ಪ್ರೀಮಿಯರ್ ಪದ್ಮಿನಿ ಆತು. ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಿದ್ರು ಜನ. ಸಪ್ಪಳಾ ಮಾಡೋ ಗಾಡಿ ಸಲುವಾಗಿ ಯಾರೂ ಅಷ್ಟ ಕಾಯಂಗಿಲ್ಲ. ಸಪ್ಪಳ ವಯಸ್ಸಿಂದಲ್ಲ, ಸವದ ಸಾಮಾನಿಂದು. ಸಾಮಾನು ಬದಲಿಸಿದ್ರ ಹೋಗ್ತದ. ನಮ್ಮ ಮಾವನವರ ಗಾಡೀನೂ ಅದ ಪದ್ಮಿನಿ. ಎರಡ ವರ್ಷದ ಹಿಂದ ಅದರ ಮುಂದಿನ ಭಾಗ ಪೂರಾ ಬಿಚ್ಚಿ ಕಟ್ಟಿಸೇವಿ. ಈಗ ಅದರಾಗ ಕೂತ್ರ ಹಿಂದಿನ ಸೀಟಿನ್ಯಾಗ ಮಕ್ಕಳು ಪಿಸುಗುಡೂದು ಮುಂದ ಕೇಳಸ್ತದ.

ಎರಡನೇದು, "ಗಾಡಿ ಓಡೇ ಇಲ್ಲ, ಸವಿಯೂದು ಹೆಂಗ?" ಅಟ್ಟದ ಮ್ಯಾಲ ಹತ್ತ ವರ್ಷ ಇಟ್ಟ ಕುಕ್ಕರ್ ಇಳಿಸಿ ಅದರ ರಬ್ಬರ್ ಮುಟ್ಟಿ ನೋಡ್ರಿ. ಒಂದ ಸಲನೂ ಸೀಟಿ ಹೊಡದಿರಂಗಿಲ್ಲ, ಆದ್ರೂ ಕಟ್ಟಿಗಿ ಆಗಿರ್ತದ. ನಿಂತ ಗಾಡ್ಯಾಗ ರಬ್ಬರ್ ಒಡೀತದ, ಗ್ರೀಸ್ ಗಟ್ಟಿ ಆಗ್ತದ, ಪಿನ್ನಿಗೆ ತುಕ್ಕು ಹಿಡೀತದ. ಅಂಗಳದಾಗ ಮುಚ್ಚಿ ಇಟ್ಟದ್ದ ಗಾಡಿ ಹುಷಾರಾಗಿ ಇದ್ದಂಗ ಅಲ್ಲ.

ಮೂರನೇದು, "ಹೋದ ವರ್ಷ ಪಾಸಿಂಗ್ ಆಗೇದಲ್ಲಾ." 15 ವರ್ಷ ಆದ ಗಾಡಿಗೆ ಐದೈದ ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಸಬೇಕು, ಮಾಡಿಸ್ಯಾರ, ಒಳ್ಳೇದಾತು. ಆದ್ರ ಆ ಕಾಗದ ಆ ದಿನದ್ದು. ಪರೀಕ್ಷಾ ಪಾಸಾದ ಹುಡುಗ ಐದ ವರ್ಷ ಜ್ವರಾ ಬರಲಾರದ ಇರ್ತಾನೇನು? ಕಾಗದ ಗಾಡಿ ಮುಂದಿನ ಕನ್ನಡಿಗೆ ಅಂಟಸಬಹುದು, ಗಾಲಿಗೆ ಬೋಲ್ಟ್ ಮಾಡಲಿಕ್ಕೆ ಬರಂಗಿಲ್ಲ.

ನಾಕನೇದು, "ಅಲೈನ್‌ಮೆಂಟ್ ಮಾಡಿಸಿದ್ರ ಸಾಕು." ಇದು ಎಲ್ಲಾದಕ್ಕಿಂತ ದೊಡ್ಡ ಮೋಸ, ಯಾಕಂದ್ರ ಕೇಳಲಿಕ್ಕೆ ಶಾಣ್ಯಾತನ ಅನಸ್ತದ. ಅಲೈನ್‌ಮೆಂಟ್ ಅಂದ್ರ ಎರಡೂ ಗಾಲಿ ಮಾರಿ ಯಾವ ಕಡೆ ಅದ ಅಂತ ಅಳದು ಸರಿ ಮಾಡೂದು. ಗಾಲೀನ ಸಡಿಲ ಅಲಗ್ಯಾಡಲಿಕತ್ತಿದ್ರ ಅಳದದ್ದು ಎಷ್ಟೊತ್ತು ನಿಂತೀತು? ಕಾಲು ಮುರಿದ ಮಣಿಗೆ ರಂಗೋಲಿ ಹಾಕಿದಂಗ. ಅಲೈನ್‌ಮೆಂಟ್ ಬೇಕು ಖರೇ, ಅದು ಕಡೀ ದಿನದ ಕೆಲಸ, ಎಲ್ಲಾ ಸಾಮಾನು ಹೊಸದಾಗಿ ಕೂಡಿದಮ್ಯಾಲ.

ಐದನೇದು, "ಎಡಗಡೆ ಅಷ್ಟ ಮಾಡಸೋಣ, ಬಲಗಡೆ ಇನ್ನೂ ಛಲೋ ಅದ." ಒಂದ ಕಾಲಿಗೆ ಹೊಸ ಚಪ್ಪಲಿ, ಒಂದ ಕಾಲಿಗೆ ಸವದದ್ದು ಹಾಕ್ಕೊಂಡು ಬನಶಂಕರಿ ಜಾತ್ರಿಗೆ ನಡದು ನೋಡ್ರಿ, ತಿಳೀತದ. ಒಂದ ಬದಿ ಸ್ಪ್ರಿಂಗು, ಶಾಕ್ ಹೊಸದು ಹಾಕಿದ್ರ ಗಾಡಿ ಒಂದ ಕಡೆ ಎತ್ತರ, ಒಂದ ಕಡೆ ತಗ್ಗು. ಬ್ರೇಕಿನ್ಯಾಗ, ತಿರುವಿನ್ಯಾಗ ಎರಡೂ ಬದಿ ಬ್ಯಾರೆ ಬ್ಯಾರೆ ನಡಕೋತಾವ. ಎರಡೂ ಒಂದ ದಿನ ಹುಟ್ಟ್ಯಾವ, ಒಂದ ರಸ್ತಾದ ಮ್ಯಾಲ ಓಡ್ಯಾವ. ಬಲಗಡೇದು ಬರೇ ಸಪ್ಪಳ ಮಾಡಿಲ್ಲ ಇನ್ನೂ.

ಆರನೇದು ನಮಗ ಚುಚ್ಚೋ ಮಾತು. "ಫಿಯಾಟ್ ಸ್ಟೀರಿಂಗ್ ಜಡ, ಹೆಣ್ಮಕ್ಕಳ ಕೈಲೆ ಆಗೂ ಕೆಲಸಲ್ಲ." ನಮ್ಮ ಬಳಗದಾಗ ಎಷ್ಟ ಹೆಣ್ಮಕ್ಕಳು ಲೈಸೆನ್ಸ್ ತಗೊಂಡು ಪೆಟ್ಟಿಗ್ಯಾಗ ಇಟ್ಟಾರ, ಎಣಸ್ರಿ. ವೈನಿ ಮೊದಲನೇಯವರು. ಅಪ್ಪನ ಗಾಡಿ ಅವರ ಕೈಗೆ ಯಾವತ್ತೂ ಬರಲಿಲ್ಲ, ಕಾರಣ ಇದ ಮಾತು. ಆದ್ರ ಗ್ರೀಸ್ ಒಣಗಿದ ಕಿಂಗ್ ಪಿನ್ ಇದ್ರ ಭೀಮನ ಕೈಗೂ ಸ್ಟೀರಿಂಗ್ ಜಡನ. ತಿರುವು ಮುಗದಮ್ಯಾಲ ಗಾಲಿ ತಾನ ನೆಟ್ಟಗಾಗಿ ಬರಬೇಕು, ಪಿನ್ ಬಿಗಿದಿದ್ರ ಅದೂ ಬರಂಗಿಲ್ಲ, ಹೊರಳಿ ಎಳಕೋಬೇಕು. ನಮ್ಮ ಗಾಡಿಗೆ ಹೊಸ ಪಿನ್ನು, ಹೊಸ ಬುಷ್ಷು ಹಾಕಿ ಗ್ರೀಸ್ ತುಂಬಿದಮ್ಯಾಲ ನಾನ ಹೊಡೀತೀನಿ, ಗೋಕುಲ ರೋಡಿನಿಂದ ಮಾರ್ಕೆಟ್ಟಿನ ತನಕ. ಪವರ್ ಸ್ಟೀರಿಂಗ್ ಇಲ್ಲ, ನಿಂತಲ್ಲೆ ತಿರುವಲಿಕ್ಕೆ ಸ್ವಲ್ಪ ಜೋರು ಬೇಕು, ಓಡಲಿಕ್ಕೆ ಹತ್ತಿದ ಮ್ಯಾಲ ಹಗುರ. ಇಷ್ಟ ವರ್ಷ ನಮ್ಮ ರಟ್ಟ್ಯಾಗ ಬಲ ಇಲ್ಲ ಅಂತ ಹೇಳಿದ್ರಲ್ಲಾ, ಪಿನ್ನಿನ್ಯಾಗ ಗ್ರೀಸ್ ಇದ್ದಿದ್ದಿಲ್ಲ.

ಏಳನೇದು, ಸಣ್ಣ ಮಕ್ಕಳು ಹೇಳೂದು. "ಗುಜರಿಗೆ ಹಾಕ್ರಿ, ಹೊಸದು ತಗೊಳ್ರಿ." ಅವರ ಮಾತಿನ್ಯಾಗ ಅರ್ಥ ಅದ. ದಿನಾ ಹುಬ್ಬಳ್ಳಿ-ಧಾರವಾಡ ಅಡ್ಡಾಡೋರಿಗೆ ಹೊಸ ಗಾಡಿನ ಸುರಕ್ಷಿತ, ನಾ ವಾದಾ ಮಾಡಂಗಿಲ್ಲ. ಗಾಡಿ ಮೈ ಕೆಳಗ ತುಕ್ಕು ತಿಂದು, ತೋಳು ಬೋಲ್ಟ್ ಮಾಡೋ ಅಡ್ಡ ಕಬ್ಬಿಣನ ಒಡದಿದ್ರ ನಾನೂ ಕೈ ಮುಗದು ಬಿಡ್ರಿ ಅಂತೀನಿ. ಆದ್ರ ಇಟ್ಕೊಳ್ಳೂದು ಅಂತ ನಾವು ನಿರ್ಧಾರ ಮಾಡೇವಿ, ಮದುಮಗಳನ್ನ ಕೂಡಸೂದು ಅಂತನೂ ಮಾಡೇವಿ. ಇಟ್ಕೊಂಡಮ್ಯಾಲ ನೆಟ್ಟಗ ಇಟ್ಕೋಬೇಕು. ನಡುವ ತೂಗ್ಯಾಡಸೂದು ಬ್ಯಾಡ.

ಈಗ ರೊಕ್ಕದ ಮಾತು. ನಮ್ಮ ಗಾಡಿಗೆ ಆದ ಲೆಕ್ಕ ನನ್ನ ಕಿರಾಣಿ ವಹಿಯಾಗ ಬರದಿಟ್ಟೀನಿ. ಸಾಮಾನಿಗೆ 14,500, ಲೇಥ್ ಕೆಲಸಕ್ಕ 1,800, ಮಿಸ್ತ್ರಿ ಕೂಲಿ 7,000, ಅಲೈನ್‌ಮೆಂಟಿಗೆ 700. ಎಲ್ಲಾ ಕೂಡಿ 24,000. ಎರಡ ವರ್ಷದಾಗ ಸ್ವಲ್ಪ ಏರಿರಬಹುದು, ಏರಲಿ. ಬಣ್ಣಕ್ಕ ಹೇಳಿದ 70 ಸಾವಿರದ ಅರ್ಧಾನೂ ಆಗಂಗಿಲ್ಲ. ಎರಡೂ ಮಾಡಸೂದಿದ್ರೂ ಕ್ರಮ ಇದ ಇರಬೇಕು. ಮುಂದಿನ ಭಾಗ ಬಿಚ್ಚಿದಾಗ ಎಲ್ಲೆರ ಬಿರುಕು ಕಂಡ್ರ ವೆಲ್ಡಿಂಗ್ ಬೇಕಾಗ್ತದ, ಸುತ್ತಿಗಿ ಬೀಳ್ತದ, ಮಡ್‌ಗಾರ್ಡಿಗೆ ಪಾನಾ ತಾಗ್ತದ. ಹೊಸ ಬಣ್ಣದ ಮ್ಯಾಲ ಇದೆಲ್ಲಾ ಮಾಡಿಸಿದ್ರ ಬಣ್ಣದ ರೊಕ್ಕನೂ ಹಾಳು. ಮತ್ತ ಒಮ್ಮೆ ಬಣ್ಣ ಬಿತ್ತಂದ್ರ "ಗಾಡಿ ಹೊಸದಾತು" ಅಂತ ಎಲ್ಲಾರ ಮನಸ್ಸೂ ತಣ್ಣಗಾಗ್ತದ. ಮದುವಿ ಆದಮ್ಯಾಲ ಯಾರ ಕಿಸೆನೂ ತೆರಿಯಂಗಿಲ್ಲ, ಇದು ನಿಮಗೂ ಗೊತ್ತದ.

ಇನ್ನೊಂದು, ತಡಾ ಮಾಡಿದ್ರ ಸಾಮಾನು ಸಿಗೂದು ಕಠಿಣ ಆಗ್ತದ. ಕಂಪನಿ ಪದ್ಮಿನಿ ಮಾಡೂದು ಬಿಟ್ಟು ಇಪ್ಪತ್ತ ವರ್ಷದ ಮ್ಯಾಲಾತು. ಇಷ್ಟ ದಿನ ಈ ಸಾಮಾನಿಗೆ ದೊಡ್ಡ ಗಿರಾಕಿ ಅಂದ್ರ ಮುಂಬೈದ ಕಪ್ಪು-ಹಳದಿ ಟ್ಯಾಕ್ಸಿ. ಆ ಪದ್ಮಿನಿ ಟ್ಯಾಕ್ಸಿಗಳೂ 20 ವರ್ಷದ ಮಿತಿ ಮುಗದು ಅಕ್ಟೋಬರ್ 2023ಕ್ಕ ರಸ್ತಾ ಬಿಟ್ಟವು. ಗಿರಾಕಿ ಕಡಿಮಿ ಆದ್ರ ಅಂಗಡಿಯವರು ಮಾಲು ಯಾಕ ಇಡ್ತಾರ? ನಮಗ ಅರ್ಧ ಸಾಮಾನು ಇಲ್ಲೆ ಸಿಕ್ತು, ಅರ್ಧ ಬೆಂಗಳೂರು ಜೆ.ಸಿ. ರೋಡಿನಿಂದ ತರಿಸಿದ್ವಿ. ಮದುವಿಗೆ ಎಂಟ ದಿನ ಇದ್ದಾಗ ಹುಡಕಲಿಕ್ಕೆ ಹೋದ್ರ ಸಿಕ್ಕದ್ದನ್ನ ಹಾಕಬೇಕಾಗ್ತದ. ಕಳಪೆ ರಬ್ಬರ್ ಬುಷ್ಷು ಮುಂದಿನ ಮಳಿಗಾಲದೊಳಗ ಹರೀತದ.

ಗ್ಯಾರೇಜಿಗೆ ಹೋದಾಗ ಏನ ಕೇಳಬೇಕು ಅಂತನೂ ಬರೀತೀನಿ. ಮೊದಲ ಹೋದ ಗ್ಯಾರೇಜಿನ್ಯಾಗ ನಾ ಬಾಯಿ ತಗದಾಗ, "ಬಾಯಾರ, ನೀವು ಮನಿಗೆ ಹೋಗ್ರಿ, ಸಾಹೇಬ್ರಿಗೆ ಹೇಳ್ತೀವಿ" ಅಂದ್ರು. ಅಲ್ಲಿಂದ ಗಾಡಿ ತಗೊಂಡು ಇನ್ನೊಬ್ಬ ವಯಸ್ಸಾದ ಮಿಸ್ತ್ರಿ ಹತ್ರ ಹೋದ್ವಿ. ಅವರು ಸ್ಟೂಲ್ ಹಾಕಿ ಕೂಡಿಸಿ, ಸವದ ಪಿನ್ನು ಕೈಯಾಗ ಕೊಟ್ಟು, "ಉಗುರಿಲೆ ಎಳದ ನೋಡ್ರಿ ಅಕ್ಕಾರ, ಮೆಟ್ಟಲಾ ಬಿದ್ದೈತಿ" ಅಂದ್ರು. ನಾಕ ದಿನ ಅಲ್ಲೆ ಕೂತು ನೋಡೀನಿ. ಅದಕ್ಕ ಇಷ್ಟ ಧೈರ್ಯದಿಂದ ಬರೀತೀನಿ.

ಕಿಂಗ್ ಪಿನ್ನಿನ ಬುಷ್ಷು ಹೊಡದು ಕೂಡಿಸಿದಮ್ಯಾಲ ಅದರ ಒಳಗಿನ ತೂತು ಪಿನ್ನಿನ ಅಳತಿಗೆ ರೀಮರ್ ಹಾಕಿ ಕೊರೀಬೇಕು. ಲೇಥ್ ಅಂಗಡ್ಯಾಗ ಮಾಡ್ತಾರ. "ರೀಮರ್ ಹಾಕ್ತೀರೇನು?" ಅಂತ ಕೇಳ್ರಿ. "ಬಡದ್ರ ಕೂಡ್ತದ" ಅಂದ್ರ ಎದ್ದು ಬರ್ರಿ. ಬಡದು ಕೂಡಿಸಿದ್ದು ಒಂದೋ ಬಿಗಿ ಆಗ್ತದ, ಇಲ್ಲಾ ತಿಂಗಳದಾಗ ಮತ್ತ ಸಡಿಲ.

ರಬ್ಬರ್ ಬುಷ್ಷಿನ ಬೋಲ್ಟು ಕಡೀ ಬಿಗಿ ಮಾಡೂದು ಗಾಡಿ ತನ್ನ ಗಾಲಿ ಮ್ಯಾಲ ನೆಲಕ್ಕ ನಿಂತಮ್ಯಾಲ. ಜಾಕ್ ಮ್ಯಾಲ ಗಾಲಿ ಜೋತಾಡ್ತಿರೋವಾಗ ಬಿಗಿ ಮಾಡಿದ್ರ, ಕೆಳಗ ಇಳಿಸಿದ ಕೂಡಲೆ ರಬ್ಬರ್ ತಿರುಚಿ ನಿಲ್ತದ, ಹಂಗ ತಿರುಚಿದ್ದ ಲಗೂನ ಹರೀತದ. ಕುಪ್ಪಸದ ತೋಳು ತಿರುಚಿ ಹೊಲದ್ರ ಕಂಕುಳಾಗ ಬಿಚ್ಚೂದಿಲ್ಲೇನು, ಹಂಗ. ಇದು ಐದ ನಿಮಿಷದ ಕೆಲಸ, ಅವಸರದಾಗ ಬಿಡೂದೂ ಇದನ್ನ.

ಸುರುಳಿ ಸ್ಪ್ರಿಂಗು ಒತ್ತಿ ಕೂತಿರ್ತದ. ಅದನ್ನ ಸರಿಯಾದ ಕಂಪ್ರೆಸರ್ ಹಾಕಿ ಹಿಡದು ಬಿಚ್ಚಬೇಕು. ಹಗ್ಗ ಕಟ್ಟಿ ಬಿಚ್ಚೂದು ಸೀಟಿ ಇಳಿಯೂಕಿಂತ ಮೊದಲ ಕುಕ್ಕರ್ ಮುಚ್ಚಳ ತಗದಂಗ. ನಮ್ಮ ಅಣ್ಣಗ ಮನ್ಯಾಗ ತಾನ ಬಿಚ್ಚೂ ಹುಮ್ಮಸ್ಸು ಬಂದ್ರ ವೈನಿ, ಪಾನಾ ಅಡಗಿಸಿ ಇಡ್ರಿ.

ಬಿಚ್ಚಿದಮ್ಯಾಲ ತೋಳು ಕೂಡೋ ಅಡ್ಡ ಕಬ್ಬಿಣಕ್ಕ ಬಿರುಕು, ತುಕ್ಕು ಅದನೇನು ಅಂತ ಸೀಮಿಎಣ್ಣಿ ಹಾಕಿ ತೊಳದು ನೋಡಲಿಕ್ಕೆ ಹೇಳ್ರಿ. ಸ್ಟೀರಿಂಗಿನ ಟೈ ರಾಡ್ ತುದಿಗಳನ್ನೂ ಅದ ಹೊತ್ತಿನ್ಯಾಗ ನೋಡಸ್ರಿ. ಬದಲಿಸಿದ ಹಳೇ ಸಾಮಾನು ಒಂದ ಚೀಲದಾಗ ಹಾಕಿ ಮನಿಗೆ ತರ್ರಿ. ಬದಲಿಸ್ಯಾರ ಅನ್ನೂದಕ್ಕ ಅದ ಸಾಕ್ಷಿ.

ಕೆಲಸಾ ಮುಗದಮ್ಯಾಲ ಗ್ರೀಸ್. ನಮ್ಮ ಮಿಸ್ತ್ರಿ ಹೇಳಿದ್ದು ಎರಡ ಸಾವಿರ ಕಿಲೋಮೀಟರಿಗೊಮ್ಮೆ, ಮಳಿಗಾಲದಾಗ ಇನ್ನೂ ಲಗೂ. ಗಾಡಿ ಎತ್ತಿ, ಹಳೇ ಕರೀ ಗ್ರೀಸ್ ಹೊರಗ ಬರೂತನಕ ಹೊಸದು ತುಂಬಬೇಕು. ನಾ ಕ್ಯಾಲೆಂಡರಿನ್ಯಾಗ ಗ್ಯಾಸ್ ಸಿಲಿಂಡರ್ ತಾರೀಖಿನ ಬಾಜೂಕ ಬರದಿಟ್ಟೀನಿ.

ಈಗ ನಾ ಕೇಳೂದು ಇಷ್ಟ. ಬಣ್ಣದವರಿಗೆ ಮುಂಗಡ ಕೊಡೂಕಿಂತ ಮೊದಲ, ಬರೋ ರವಿವಾರ ನಾವೆಲ್ಲಾ ಅಣ್ಣನ ಅಂಗಳದಾಗ ಕೂಡೋಣ. ನಾಕ ಪರೀಕ್ಷಾ ಅವ, ಅರ್ಧ ತಾಸಿನ ಕೆಲಸ.

ಒಂದು, ಮುಂದಿನ ಬಂಪರ್ ಹತ್ರ ಒಂದೊಂದ ಮೂಲಿ ಜೋರಾಗಿ ಒತ್ತಿ ಕೈ ಬಿಡೂದು. ಮ್ಯಾಲೆದ್ದು ಒಮ್ಮೆ ಇಳದು ನಿಲ್ಲಬೇಕು. ಜೋಕಾಲಿಗತೆ ತೂಗಿದ್ರ ಶಾಕ್ ಅಬ್ಸಾರ್ಬರ್ ಮುಗದಾವ.

ಎರಡು, ಗಾಡಿ ಸಪಾಟ ನೆಲದ ಮ್ಯಾಲ ನಿಂದ್ರಿಸಿ, ಎರಡೂ ಬದಿ ನೆಲದಿಂದ ಮಡ್‌ಗಾರ್ಡಿನ ಅಂಚಿನ ತನಕ ಟೇಪ್ ಹಿಡದು ಅಳಿಯೂದು. ಭಾಳ ಫರಕ್ ಬಂದ್ರ ಒಂದ ಸ್ಪ್ರಿಂಗು ಕುಸದದ.

ಮೂರು, ಎರಡೂ ಟೈರಿನ ಒಳ ಅಂಚು, ಹೊರ ಅಂಚು ಕೈಯಾಡಿಸಿ ನೋಡೂದು. ಅಕ್ಕಿ ಆರಿಸೋ ಕೈಗೆ ಇದು ಕಠಿಣಲ್ಲ.

ನಾಕು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದ ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು, ಗಾಲಿ ಮ್ಯಾಲ ಒಂದ ಕೈ, ಕೆಳಗ ಒಂದ ಕೈ ಹಿಡದು ಅಲಗ್ಯಾಡಿಸೂದು. ಗಾಡಿ ಕೆಳಗ ಯಾರೂ ಹೋಗಂಗಿಲ್ಲ. ಗಾಲಿ ಅಲಗ್ಯಾಡಿದ್ರ, ವೈನಿ ಒಳಗ ಕೂತು ಬ್ರೇಕ್ ಒತ್ತಿ ಹಿಡೀಬೇಕು. ಆವಾಗ ಅಲಗ್ಯಾಡೂದು ನಿಂತ್ರ ದೋಷ ಗಾಲಿ ಬೇರಿಂಗಿಂದು. ಬ್ರೇಕ್ ಒತ್ತಿದ್ರೂ ಅಲಗ್ಯಾಡಿದ್ರ ಕಿಂಗ್ ಪಿನ್ನು. ಇದರಾಗ ಯಾರ ಮಾತನ್ನೂ ನಂಬೂ ಕಾರಣ ಇಲ್ಲ, ಕೈಗೇ ಗೊತ್ತಾಗ್ತದ.

ಗಾಲಿ ಅಲಗ್ಯಾಡಲಿಲ್ಲ, ಟೈರ್ ಸರಿ ಅದ, ಗಾಡಿ ತೂಗಲಿಲ್ಲ ಅಂದ್ರ ಬಣ್ಣದ ರೊಕ್ಕದಾಗ ನನ್ನ ಪಾಲು 5,000 ಅಲ್ಲೆ ಎಣಿಸಿ ಕೊಡ್ತೀನಿ, ಬಣ್ಣ ಯಾವುದಂತ ಕೇಳಂಗೂ ಇಲ್ಲ. ಅಲಗ್ಯಾಡಿತು ಅಂದ್ರ ಅದ 5,000 ಕಿಂಗ್ ಪಿನ್ನಿನ ಕಿಟ್ಟಿಗೆ. ಬಳಗದವರೆಲ್ಲಾ ತಮ್ಮ ತಮ್ಮ ಪಾಲು ಮೊದಲ ಅದಕ್ಕ ಹಾಕಬೇಕು, ಉಳದದ್ದರಾಗ ಗಾಡಿ ತೊಳದು ಪಾಲಿಶ್ ಮಾಡಿ, ಚಂಡು ಹೂವಿನ ಮಾಲಿ ಹಾಕೋಣ. ಹಳೇ ಕೆನಿ ಬಣ್ಣದ ಮ್ಯಾಲ ಚಂಡು ಹೂ ಏನ ಕೆಟ್ಟ ಕಾಣಂಗಿಲ್ಲ.

ವೈನಿ, ನಿಮಗ ಒಂದ ಮಾತು ಬ್ಯಾರೆ ಹೇಳ್ತೀನಿ. ಮಗಳಿಗೆ ಬಂಗಾರ ಮಾಡಿಸೋವಾಗ ಹಾಲ್‌ಮಾರ್ಕ್ ಅದನೋ ಇಲ್ಲೋ ಅಂತ ಕನ್ನಡಿ ಹಾಕಿ ನೋಡಿದ್ರಿ, ಅಕ್ಕಸಾಲಿ ಮಾರಿ ಸಣ್ಣದಾದ್ರೂ ಬಿಡಲಿಲ್ಲ. ಆ ಬಂಗಾರ ಹಾಕ್ಕೊಂಡು ಆಕಿ ಅರಬೈಲ್ ಘಟ್ಟ ಇಳಿಯೂದು ಈ ಗಾಡ್ಯಾಗ. ಬ್ರೇಕ್ ಒತ್ತಿ ಹಿಡಿಯೂ ಕೆಲಸ ನಿಮ್ಮದು. ರವಿವಾರ ಮುಂಜಾನೆ ಹತ್ತಕ್ಕ ಬರ್ತೀನಿ, ಸ್ಟ್ಯಾಂಡ್ ನಮ್ಮನಿಂದ ತರ್ತೀನಿ. ಅಣ್ಣಗ ಅವಲಕ್ಕಿ ಒಗ್ಗರಣಿ ಹಾಕಿ ಕೂಡಸ್ರಿ, ಜಗಳಾ ತಿಂದಮ್ಯಾಲ ಆಡೋಣ.